ದೊಡ್ಡಳಿಯ ಗೆದ್ದ ಹದಿನಾಲ್ಕು ಅಂತಸ್ತು

ಎಲ್ಲಕ್ಕೂ ಕಾರಣವಾದದ್ದು ಒಂದು ಬೀಗದ ಕೈ ಗೊಂಚಲು. ಸೋಮವಾರ ಬೆಳಿಗ್ಗೆ ಮ್ಯಾನೇಜರ್ ಮೇಡಂ ಅದನ್ನು ದೊಡ್ಡಳಿಯನ ಕೈಗೆ ಹಾಕಿದಾಗ ಅವನ ಭುಜವೇ ಒಂದು ಕಡೆಗೆ ವಾಲಿತು. ಗೊಂಚಲಲ್ಲಿ ನಲವತ್ತು ಬೀಗದ ಕೈಗಳಿದ್ದವು, ಅರ್ಧಕ್ಕರ್ಧ ತುಕ್ಕು. ಪಕ್ಕದಲ್ಲಿ ಕೂತಿದ್ದ ಚಿಕ್ಕಳಿಯನಿಗೆ ಆಕೆ ಕೊಟ್ಟದ್ದು ಕೊರಳಿಗೆ ನೇತುಹಾಕಿಕೊಳ್ಳುವ ತೆಳ್ಳನೆಯ ಕಾರ್ಡು.

"ಇದೊಂದೇನಾ ಮೇಡಂ?" ಎಂದ ಚಿಕ್ಕಳಿಯ.

"ತೋರಿಸಿದ್ರೆ ಸಾಕು. ಹದಿನಾಲ್ಕು ಅಂತಸ್ತಿನ ಬಾಗಿಲೂ ತಾನಾಗೇ ತೆರ್ಕೊಳ್ಳುತ್ತೆ."

ದೊಡ್ಡಳಿಯನ ಹೊಟ್ಟೆಯಲ್ಲಿ ಯಾರೋ ಬೆಂಕಿಕಡ್ಡಿ ಗೀರಿದ ಹಾಗಾಯಿತು.

ಇಬ್ಬರೂ ಒಂದೇ ಮನೆಯ ಅಳಿಯಂದಿರು, ಅಕ್ಕತಂಗಿಯರ ಗಂಡಂದಿರು. ಮಾವ ಈ ಕಂಪನಿಯ ಕಟ್ಟಡಗಳಲ್ಲಿ ಲಿಫ್ಟ್ ರಿಪೇರಿ ಮಾಡಿ ನಿವೃತ್ತರಾದವರು. ಅವರು ಒಂದು ಮಾತು ಹೇಳಿದ್ದರಿಂದ ಹನ್ನೊಂದು ವರ್ಷ ಷೂ ಅಂಗಡಿಯಲ್ಲಿ ದುಡಿದಿದ್ದ ದೊಡ್ಡವನಿಗೂ, ವಿಮೆ ಮಾರುತ್ತಿದ್ದ ಚಿಕ್ಕವನಿಗೂ ಒಂದೇ ದಿನ ಅಸೆಟ್ ಮ್ಯಾನೇಜರ್ ಕೆಲಸ ಸಿಕ್ಕಿತ್ತು.

"ಅಂದ್ರೆ ವಾಚ್‌ಮನ್ನಾ?" ಎಂದು ಅತ್ತೆ ಹಿಂದಿನ ದಿನವೇ ಕೇಳಿದ್ದರು.

"ಅಲ್ಲ ಅತ್ತೆ. ಕಟ್ಟಡ ಕೊಂಡವರು ಎಲ್ಲೋ ಇರ್ತಾರೆ. ಅವರ ಪರವಾಗಿ ಬಾಡಿಗೆದಾರರು ಬಿಟ್ಟು ಹೋಗದ ಹಾಗೆ, ಕಟ್ಟಡದ ಬೆಲೆ ಇಳಿಯದ ಹಾಗೆ ನೋಡ್ಕೊಳ್ಳೋದು" ಎಂದು ಚಿಕ್ಕಳಿಯ ವಿವರಿಸಿದ್ದ.

"ಹೂಂ, ಕುರ್ಚಿ ಇರೋ ವಾಚ್‌ಮನ್" ಎಂದು ಅತ್ತೆ ತೀರ್ಪು ಕೊಟ್ಟಿದ್ದರು.

ದೊಡ್ಡಳಿಯನ ಪಾಲಿಗೆ ಬಂದ ಕಾಂಪ್ಲೆಕ್ಸ್‌ಗೆ ಮೂರೇ ಅಂತಸ್ತು. ಲಿಫ್ಟು ಎಷ್ಟು ಕಾಲದಿಂದ ನಿಂತಿತ್ತೆಂದರೆ ಅದರ ಬಾಗಿಲಿಗೆ ಟೈಲರ್ ಹೊಲಿದ ಬಟ್ಟೆಗಳನ್ನು ನೇತುಹಾಕಿದ್ದ. ಮೆಟ್ಟಿಲ ಮೇಲೆ ಪಾರಿವಾಳಗಳು ತಮ್ಮದೇ ಸುಣ್ಣಬಣ್ಣ ಮಾಡಿಕೊಂಡಿದ್ದವು.

"ಹೊಸಬ್ರಾ? ಹೋದ ಸಲದವರು ಎರಡು ವಾರ ಇದ್ರು" ಎಂದ ಟೈಲರ್, ಕಣ್ಣಲ್ಲೇ ಅವನ ಎದೆಯಳತೆ ತೆಗೆಯುತ್ತ. "ನೀವು ಸ್ವಲ್ಪ ದಪ್ಪ ಇದೀರಿ, ಮೂರು ವಾರ ತಡೀಬಹುದು."

ಅಷ್ಟರಲ್ಲಿ ಮೇಲಿಂದ ಹಲ್ಲಿನ ಡಾಕ್ಟರ್ ಇಳಿದು ಬಂದು ಅವನ ತೋಳು ಹಿಡಿದರು. "ಬನ್ನಿ ಬನ್ನಿ. ನನ್ನ ಕುರ್ಚಿ ಮೇಲೇ ನೀರು ಸೋರುತ್ತೆ. ರೋಗಿಗಳು ನಾನು ಮುಕ್ಕಳಿಸಿ ಅನ್ನೋ ಮೊದಲೇ ಮುಕ್ಕಳಿಸ್ತಾರೆ. ನಂಬಿಕೆ ಇಲ್ವಾ? ಕೂತ್ಕೊಳ್ಳಿ. ಬಾಯಿ ತೆಗೀರಿ."

ದೊಡ್ಡಳಿಯ ಕೂತ, ಬಾಯಿ ತೆಗೆದ. ಟಪ್ ಎಂದು ಒಂದು ಹನಿ ನೇರವಾಗಿ ನಾಲಿಗೆಯ ಮೇಲೆ ಬಿತ್ತು.

"ನೋಡಿದ್ರಾ! ಅಂದ ಹಾಗೆ, ಎಡಗಡೆ ಎರಡು ಹುಳುಕಿದೆ."

ಜೇಬಿನಲ್ಲಿ ಫೋನು ಕಿಣಿಗುಟ್ಟಿತು. ಮನೆಯವರ ಗುಂಪಿಗೆ ಚಿಕ್ಕಳಿಯ ಫೋಟೋ ಹಾಕಿದ್ದ: ಗಾಜಿನ ಲಾಬಿ, ಹಾಸಿಗೆಯಂಥ ಸೋಫಾ. ಹತ್ತು ನಿಮಿಷಕ್ಕೆ ಇನ್ನೊಂದು: ನೊರೆಯ ಮೇಲೆ ಎಲೆಯ ಚಿತ್ರವಿದ್ದ ಕಾಫಿ. ಮತ್ತೆ ಹತ್ತು ನಿಮಿಷಕ್ಕೆ, ಹದಿನಾಲ್ಕನೇ ಅಂತಸ್ತಿನಿಂದ ಕಾಣುವ ಊರು, ಮೂಲೆಯಲ್ಲಿ ಬೆಂಕಿಪೊಟ್ಟಣದಷ್ಟು ಅವರದೇ ಮನೆ. ದೊಡ್ಡಳಿಯನಿಗೆ ಬಾಯಲ್ಲಿ ಉಳಿದಿದ್ದ ಆ ಹನಿಯ ರುಚಿ ಕಷಾಯದ ಹಾಗೆ ಕಹಿಯಾಯಿತು.

ಹೆಂಡತಿಯ ಫೋನು ಬಂತು. "ರೀ, ನೋಡಿದ್ರಾ? ನನ್ ತಂಗಿ ಆಗ್ಲೇ ಅಕ್ಕಪಕ್ಕದವರಿಗೆಲ್ಲ ತೋರಿಸ್ತಿದಾಳೆ. ನೀವೂ ಒಂದು ಹಾಕ್ರೀ, ನನ್ ಮರ್ಯಾದೆ ಉಳೀಲಿ."

ಪಾರಿವಾಳ ಕಾಣದ ಜಾಗ ಹುಡುಕಲು ಅವನಿಗೆ ಕಾಲು ಗಂಟೆ ಹಿಡಿಯಿತು. ಟೈಲರ್‌ನ ಹೂಕುಂಡ ಪಕ್ಕದಲ್ಲಿಟ್ಟುಕೊಂಡು, ಎದೆಯುಬ್ಬಿಸಿ, ತುಟಿ ಬಿಗಿದು ಒಂದು ಫೋಟೋ ತೆಗೆಸಿ ಹಾಕಿದ. ಅತ್ತೆಯ ಉತ್ತರ ತಕ್ಷಣ ಬಂತು: "ಅಯ್ಯೋ, ಮೊದಲ ದಿನವೇ ಹಲ್ಲು ಕೀಳಿಸಿಕೊಂಡರಾ?" ದೊಡ್ಡಳಿಯ ಹಿಂದೆ ತಿರುಗಿ ನೋಡಿದ. ಅವನ ತಲೆಯ ಮೇಲೇ ಕೆಂಪು ಬೋರ್ಡಿತ್ತು: ಇಲ್ಲಿ ನೋವಿಲ್ಲದೆ ಹಲ್ಲು ಕೀಳಲಾಗುತ್ತದೆ.

ಊಟದ ಹೊತ್ತಿಗೆ ಆ ಬೆಂಕಿಕಡ್ಡಿ ದೊಡ್ಡ ಒಲೆಯಾಗಿತ್ತು. ನಾನು ಮೊದಲ ಅಳಿಯ. ನಾನು ಹಿರಿಯ. ನನಗೆ ಪಾರಿವಾಳ, ಅವನಿಗೆ ನೊರೆಕಾಫಿಯೇ? ನೇರವಾಗಿ ಮೇಡಂ ಕೋಣೆಗೆ ಹೋಗಿ ನಿಂತ.

"ಮೇಡಂ, ಹೇಳಬಾರದು, ಆದ್ರೂ ಕಂಪನಿ ಹಿತಕ್ಕೆ ಹೇಳ್ತೀನಿ. ನನ್ನ ಷಡ್ಡಕನಿಗೆ ಎತ್ತರ ಅಂದ್ರೆ ಆಗಲ್ಲ. ಸ್ಟೂಲ್ ಹತ್ತಿ ಬಲ್ಬ್ ಹಾಕೋಕೂ ಹೆಂಡತೀನೇ ಬೇಕು. ಹದಿನಾಲ್ಕನೇ ಅಂತಸ್ತಲ್ಲಿ ಏನಾದ್ರೂ ಹೆಚ್ಚುಕಮ್ಮಿ ಆದ್ರೆ..."

ಶುದ್ಧ ಸುಳ್ಳು. ಮೇಡಂ ವಿಚಾರಿಸಿ ಹೇಳುತ್ತೇನೆ ಎನ್ನಬಹುದೆಂದು ಅವನು ಎಣಿಸಿದ್ದ. ಆಕೆ ಪೆನ್ನಿನ ಮುಚ್ಚಳ ಹಾಕಿ ಎದ್ದೇಬಿಟ್ಟರು. "ನಡೀರಿ, ಅವರನ್ನ ಆ ಕಟ್ಟಡದ ಟೆರೇಸ್ ಮೇಲೇ ನಿಲ್ಲಿಸಿ ನೋಡೋಣ."

ಟೆರೇಸಿಗೆ ಕಾಲಿಟ್ಟ ಮೇಲೆಯೇ ದೊಡ್ಡಳಿಯನಿಗೆ ಒಂದು ಸಂಗತಿ ತಿಳಿದದ್ದು: ಎತ್ತರ ಅಂದರೆ ಆಗದಿರುವುದು ಅವನಿಗೇ. ಹುಟ್ಟಿದಾಗಿನಿಂದ ಅವನು ಮೂರನೇ ಅಂತಸ್ತು ದಾಟಿದವನಲ್ಲ. ಕೆಳಗಿನ ಬಸ್ಸುಗಳು ಸಕ್ಕರೆಗೆ ಮುತ್ತಿದ ಇರುವೆಗಳ ಹಾಗೆ ಕಂಡವು. ಸಿಕ್ಕಿದ ನೀರಿನ ಪೈಪನ್ನು ತಬ್ಬಿಕೊಂಡ.

"ನೀವ್ಯಾಕೆ ಪೈಪ್ ತಬ್ಕೊಂಡಿದೀರಿ?" ಎಂದರು ಮೇಡಂ.

"ಗಟ್ಟಿ ಇದೆಯಾ ಅಂತ ನೋಡ್ತಿದೀನಿ ಮೇಡಂ. ಕಟ್ಟಡದ ಬೆಲೆ ಇಂಥದ್ರಲ್ಲೇ ಇರೋದು."

ಮೇಡಂ, ಟೆರೇಸಿಗೆ ಕರೆಸಿಕೊಂಡಿದ್ದ ಚಿಕ್ಕಳಿಯನ ಕಡೆ ತಿರುಗಿದರು. "ನಿಮಗೆ ಎತ್ತರ ಅಂದ್ರೆ ಭಯವಂತೆ, ನಿಜಾನಾ?"

ಚಿಕ್ಕಳಿಯ ಭಾವನ ಮುಖ ನೋಡಿದ. ಒಂದು ಉಸಿರಿನಷ್ಟು ಹೊತ್ತು. ದೊಡ್ಡಳಿಯ ಪೈಪನ್ನು ಇನ್ನೂ ಬಿಗಿಯಾಗಿ ಅಪ್ಪಿಕೊಂಡ. ಈಗ ನಕ್ಕ, ಈಗ ನನ್ನ ಮಾನ ಹೋಯಿತು.

ಚಿಕ್ಕಳಿಯ ಹಣೆಗೆ ಕೈ ಹಚ್ಚಿ ನೆಲದ ಮೇಲೆ ಕುಸಿದು ಕೂತ. "ಹೌದು ಮೇಡಂ. ಹೇಳ್ಕೊಳ್ಳೋಕೆ ನಾಚ್ಕೆ ಆಗ್ತಿತ್ತು. ಭಾವ ಹೇಳಿದ್ದು ಒಳ್ಳೇದಾಯ್ತು."

ದೊಡ್ಡಳಿಯನಿಗೆ ಪಾಪ ಅನ್ನಿಸಿತು. ಎಂಥ ಸಾಧು ಹುಡುಗ, ನನ್ನ ಸುಳ್ಳನ್ನೂ ಕಾಪಾಡಿದ! ಆದರೂ ಮೇಡಂ ಅಲ್ಲೇ ಆದೇಶ ಬದಲಾಯಿಸಿ ಕೊಟ್ಟಾಗ ಸಹಿ ಹಾಕಲು ಅವನು ತಡಮಾಡಲಿಲ್ಲ. ಸಹಿಗೆ ಬೇಕಾದ ಕೈಯನ್ನು ಮಾತ್ರ ಪೈಪಿನಿಂದ ಬಿಡಿಸಿದ. ಗೊಂಚಲು ಚಿಕ್ಕಳಿಯನಿಗೆ ಹೋಯಿತು, ಕಾರ್ಡು ಕೊರಳಿಗೆ ಬಂತು. ಫೋಟೋ ಗುಂಪಿಗೆ ಹೋಯಿತು. ಹೆಂಡತಿ ಹನ್ನೆರಡು ಚಪ್ಪಾಳೆ ಕಳಿಸಿದಳು.

ಮೂವರೂ ಲಿಫ್ಟಿನಲ್ಲಿ ಇಳಿಯುವಾಗ ಮೇಡಂ ದೊಡ್ಡಳಿಯನಿಗೆ ಹೇಳಿದರು: "ಹಾಗಾದ್ರೆ ಸಾಮಾನಿನ ಪಟ್ಟಿ ನೀವೇ ಮಾಡ್ಬೇಕು. ಶುಕ್ರವಾರ ಕಟ್ಟಡ ಒಪ್ಪಿಸ್ಬೇಕಲ್ಲ."

"ಯಾರಿಗೆ ಮೇಡಂ?"

"ಕೊಂಡವರಿಗೆ. ಮಾರಾಟ ಆಗಿ ತಿಂಗಳಾಯ್ತು. ಅವರದೇ ಜನ ಬರ್ತಾರೆ. ನಾಲ್ಕು ದಿನದ ಮಟ್ಟಿಗೆ ಯಾರಾದ್ರೇನು ಅಂತ ಕಿರಿಯರನ್ನ ಹಾಕಿದ್ದೆ. ಕಾಂಪ್ಲೆಕ್ಸ್ ಹಾಗಲ್ಲ. ಮಾಲೀಕರು ಅದನ್ನ ಹೊಸದಾಗಿ ಕಟ್ಟಿಸ್ತಾರೆ, ಹತ್ತು ವರ್ಷದ ಕೆಲಸ. ಅದನ್ನ ನೋಡ್ಕೊಳ್ಳೋರಿಗೆ ಕಾರು, ಕೈಕೆಳಗೆ ಆರು ಜನ. ಹಿರಿಯರು ಅಂತ ನಿಮಗೇ ಇಟ್ಟಿದ್ದೆ."

ಲಿಫ್ಟು ಇಳಿಯುತ್ತಿತ್ತು. ದೊಡ್ಡಳಿಯ ಈ ಸಲ ಲಿಫ್ಟಿನ ಕಂಬಿಯನ್ನು ಹಿಡಿದುಕೊಂಡ.

"ಶುಕ್ರವಾರದ ಮೇಲೆ ನಾನು...?"

"ಯೋಚನೆ ಬೇಡ. ಕಾಂಪ್ಲೆಕ್ಸಲ್ಲೇ ಆ ಆರು ಜನದಲ್ಲಿ ಒಂದು ಜಾಗ ಇದೆ." ಮೇಡಂ ಕಾರು ಹತ್ತಿ ಹೋದರು.

ದೊಡ್ಡಳಿಯ ಷಡ್ಡಕನ ತೋಳು ಹಿಡಿದ. "ನಿಂಗೆ ಮೊದ್ಲೇ ಗೊತ್ತಿತ್ತಾ?"

"ಬೆಳಿಗ್ಗೆ ಬಂದಾಗ್ಲೇ ಗೊತ್ತಾಯ್ತು ಭಾವ. ಕೊಂಡವರ ಕಡೆಯವರು ಲಾಬೀಲಿ ಪರದೆಗೆ ಅಳತೆ ತಗೊಳ್ತಿದ್ರು. ನಿಮ್ಮ ಕಾಂಪ್ಲೆಕ್ಸ್ ಹೊಸದಾಗಿ ಕಟ್ಟೋ ಸುದ್ದೀನೂ ರಿಸೆಪ್ಷನ್‌ನವರು ಹೇಳಿದ್ರು. ನಿಮ್ಮ ಅದೃಷ್ಟ ನೆನೆಸ್ಕೊಂಡು ನಂಗೆ ಎಷ್ಟು ಹೊಟ್ಟೆ ಉರೀತು ಅಂದ್ರೆ ಕಾಫೀನೂ ಸೇರಲಿಲ್ಲ. ಸುಮ್ನೆ ಫೋಟೋ ತೆಗೆದು ಹಾಕ್ತಾ ಇದ್ದೆ. ಹೇಗಾದ್ರೂ ನಿಮಗೆ ಆಸೆ ಹುಟ್ಟಲಿ ಅಂತ."

ದೊಡ್ಡಳಿಯ ಲಾಬಿಯ ಸೋಫಾದ ಮೇಲೆ ಕುಸಿದ. ಅದು ನಿಜಕ್ಕೂ ಹಾಸಿಗೆಯಷ್ಟೇ ಮೆತ್ತಗಿತ್ತು.

ಚಿಕ್ಕಳಿಯ ಪಕ್ಕದಲ್ಲಿ ಕೂತು, ತಗ್ಗಿದ ದನಿಯಲ್ಲಿ, ಸಂಕೋಚದಿಂದಲೇ ಹೇಳಿದ: "ಭಾವ, ಮನೇಲಿ ನೀವು ಹೇಗೆ ಕರೆದ್ರೂ ನಡೆಯುತ್ತೆ. ಶನಿವಾರದಿಂದ ಆಫೀಸಲ್ಲಿ ಮಾತ್ರ, ಬೇರೆ ಐದು ಜನ ಇರ್ತಾರಲ್ಲ..."

"ಆಯ್ತು" ಎಂದ ದೊಡ್ಡಳಿಯ. ಕೊರಳಿನ ಕಾರ್ಡನ್ನು ಅಂಗಿಯೊಳಗೆ ತೂರಿಸಿಕೊಂಡು, "ಸರ್" ಎಂದ.