ದರ್ಜಿ ಆರಿಸಿ ತಂದ ಹೇಂಟೆಗಳು

ದರ್ಜಿಯ ಕಣ್ಣಳತೆಯ ಮೇಲೆ ಬೀದಿಗೆಲ್ಲ ನಂಬಿಕೆಯಿತ್ತು, ಹೆಂಡತಿಯೊಬ್ಬಳನ್ನು ಬಿಟ್ಟು. ಗಿರಾಕಿ ಅಂಗಡಿಯ ಮೆಟ್ಟಿಲು ಹತ್ತುವಷ್ಟರಲ್ಲಿ ಅವನು ಸೊಂಟದ ಸುತ್ತಳತೆ ಹೇಳಿಬಿಡುತ್ತಿದ್ದ. ಹಾಗಾಗಿ ಅವಳು ಕೋಳಿ ಸಾಕುವ ಮಾತೆತ್ತಿದಾಗ, ಮರಿ ಆರಿಸುವ ಮಹತ್ಕಾರ್ಯವನ್ನು ತಾನೇ ವಹಿಸಿಕೊಂಡ.

ಅದು ಅವಳ ಬಹುದಿನದ ಆಸೆ. ಕೆಳಗಿನ ಮನೆಯಲ್ಲಿರುವ ಮನೆಯೊಡತಿ ನರ್ಸಮ್ಮ ಕೊನೆಗೂ ಹಿತ್ತಲ ಮೂಲೆಯನ್ನು ಬಿಟ್ಟುಕೊಟ್ಟಿದ್ದರು. ಷರತ್ತು ಒಂದೇ: ಹುಂಜ ಕೂಗಿದ ದಿನ ಗೂಡು ಕೀಳಬೇಕು. ಆಯುಷ್ಯವೆಲ್ಲ ರಾತ್ರಿ ಪಾಳಿ ಮಾಡಿ ನಿವೃತ್ತರಾದ ಆಕೆಗೆ ಬೆಳಗಿನ ಜಾವದ ನಿದ್ದೆ ಈಗಷ್ಟೇ ದಕ್ಕಿತ್ತು.

"ಯಜಮಾನ್ರೇ, ಹೆಣ್ಣುಮರಿ ಮಾತ್ರ ತನ್ನಿ. ಗೊತ್ತಾಗದಿದ್ರೆ ಯಾರನ್ನಾದ್ರೂ ಕೇಳಿ," ಎಂದಳು ಹೆಂಡತಿ.

"ಕೇಳೋದೇನಿದೆ? ನನಗೆ ಕಣ್ಣಿಲ್ವಾ?"

ಮರಿ ಮಾರುವವನು ಪ್ರಾಮಾಣಿಕ. ಈ ವಯಸ್ಸಿನಲ್ಲಿ ಗಂಡು ಯಾವುದು, ಹೆಣ್ಣು ಯಾವುದು ಎಂದು ತನಗೂ ತಿಳಿಯದು ಎಂದು ಒಪ್ಪಿಕೊಂಡ. ದರ್ಜಿ ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಅಧ್ಯಯನಕ್ಕೆ ತೊಡಗಿದ. ಅವನು ಕಂಡ ಸಂಸಾರ ತನ್ನದೊಂದೇ. ಎಲ್ಲರನ್ನೂ ತಳ್ಳಿಕೊಂಡು ಮುಂದೆ ಬರುವುದು, ಅಡ್ಡ ನಿಂತವರ ತಲೆ ಕುಕ್ಕುವುದು, ಬಾಯಿ ಮುಚ್ಚದೆ ಮಾತಾಡುವುದು ಯಾವುದೋ ಅದೇ ಹೆಣ್ಣು. ಮೂಲೆಯಲ್ಲಿ ಮುದುಡಿ, ಉಳಿದ ಕಾಳಿಗೆ ಕಾಯುವುದು ಗಂಡು. (ಅವುಗಳನ್ನು ನೋಡಿ ಅವನ ಕಣ್ಣು ತುಸು ಒದ್ದೆಯೂ ಆಯಿತು.) ಬಜಾರಿಗಳಂಥ ಐದನ್ನು ಆರಿಸಿ, ಗೆದ್ದವನಂತೆ ಮನೆಗೆ ಬಂದ.

ಮರಿಗಳು ಬೆಳೆದವು. ಜುಟ್ಟು ಕೆಂಪೇರಿತು, ಬಾಲ ಬಾಗಿತು. ಹೆಂಡತಿ ಅನುಮಾನಪಟ್ಟಾಗ ದರ್ಜಿ ಅದನ್ನೆಲ್ಲ ಒಳ್ಳೆಯ ಮೇವಿನ ಪ್ರಭಾವ ಎಂದ. ಒಂದು ನಸುಕಿನಲ್ಲಿ ಮೊದಲನೆಯದು ಕತ್ತೆತ್ತಿ, ಎಣ್ಣೆ ಕಾಣದ ಹೊಲಿಗೆ ಯಂತ್ರದಂತೆ ಕಿರುಗುಟ್ಟಿತು. ಮಿಕ್ಕ ನಾಲ್ಕೂ ದನಿಗೂಡಿಸಿದವು.

ನರ್ಸಮ್ಮ ಶಾಲು ಹೊದ್ದು ಮೇಲೆ ಬಂದರು. ಬೈಯಲಿಲ್ಲ. "ಈ ವಾರದೊಳಗೆ ಎಲ್ಲಾದ್ರೂ ಕಳಿಸಿಬಿಡಮ್ಮ. ಗೂಡೂ ತೆಗೆಸು," ಎಂದಷ್ಟೇ ಹೇಳಿ ಇಳಿದುಹೋದರು.

ಹೆಂಡತಿಯೂ ಬೈಯಲಿಲ್ಲ. ತಾನೇ ಬಣ್ಣ ಬಳಿದ ಗೂಡನ್ನು ನೋಡುತ್ತ ನಿಂತಳು. ಬೈಗುಳವಾದರೆ ದರ್ಜಿ ತಡೆದುಕೊಳ್ಳುತ್ತಿದ್ದ. ಮೌನ ಅವನಿಗೆ ರೂಢಿಯಿರಲಿಲ್ಲ.

ಅಂದಿನಿಂದ ಹೊಲಿದ ಅಂಗಿಯ ಜೊತೆಗೊಂದು ಹುಂಜ ಉಚಿತ ಎಂದು ಸಾರತೊಡಗಿದ. ಕೇಳಿದವರೆಲ್ಲ ಒಪ್ಪಿದರು, ಆದರೆ ಎಲ್ಲರೂ ಮೊದಲು ಕೇಳಿದ್ದು ತೂಕವನ್ನು. ಅಂಗೈಯಲ್ಲಿ ಕಾಳು ತಿನ್ನಿಸಿ ಬೆಳೆಸಿದವಳು ಅದಕ್ಕೆ ಒಪ್ಪುತ್ತಾಳೆಯೇ? "ಒಲೆಗೆ ಹಾಕೋರ ಮನೆಗೆ ಕೊಟ್ರೆ, ನೀವೂ ಅಲ್ಲೇ ಊಟ ಮಾಡ್ಕೊಳ್ಳಿ," ಎಂದಳು.

ಕೊನೆಗೆ ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ಇಟ್ಟಿಗೆ ಭಟ್ಟಿಯ ಕಾವಲುಗಾರ ಬಂದ. ಅವನ ಹತ್ತಿರ ಬಯಲು ತುಂಬ ಹೇಂಟೆಗಳಿದ್ದವು; ಹುಂಜವೇ ಇರಲಿಲ್ಲ. ಮನೆಗೆ ಬಂದು ಐದನ್ನೂ ಎತ್ತಿ ನೋಡಿ ಬೆರಗಾದ.

"ಐದಕ್ಕೆ ಐದೂ ಹುಂಜ. ಅದೆಂಥ ಕಣ್ಣಯ್ಯಾ ನಿಂದು. ಹೇಗೆ ಆರಿಸಿದೆ?"

ದರ್ಜಿ ಹೊಗಳಿಕೆ ಕೇಳಿ ಎಷ್ಟೋ ದಿನವಾಗಿತ್ತು. ಹೆಂಡತಿ ಬುಟ್ಟಿ ಹಿಡಿದು ಹಿಂದೆಯೇ ನಿಂತಿರುವುದನ್ನು ಮರೆತು, ತಳ್ಳುವುದು, ಕುಕ್ಕುವುದು, ಎಲ್ಲವನ್ನೂ ಸವಿಸ್ತಾರವಾಗಿ ವಿವರಿಸಿದ. ಬಾಯಿ ಮುಚ್ಚದಿರುವ ಲಕ್ಷಣಕ್ಕೆ ಬರುವಾಗ ಕಾವಲುಗಾರ ಕೆಮ್ಮಿ, ಅವನ ಬೆನ್ನ ಹಿಂದೆ ನೋಡಿದ.

ಹೆಂಡತಿ ಬುಟ್ಟಿಯನ್ನು ಕಾವಲುಗಾರನ ಕೈಗಿಟ್ಟಳು. ಹುಂಜಗಳನ್ನು ಸವರಿ ಬೀಳ್ಕೊಟ್ಟು, ನೇರ ಮುಂಬಾಗಿಲಿಗೆ ಹೋಗಿ ನರ್ಸಮ್ಮನಿಗೆ ಕಥೆಯನ್ನೆಲ್ಲ ಒಪ್ಪಿಸಿದಳು. ಗೋಡೆ ಹಿಡಿದುಕೊಂಡು ನಕ್ಕ ನರ್ಸಮ್ಮ ಇನ್ನೊಂದು ಅವಕಾಶ ಕೊಟ್ಟರು.

ಮಾರನೆಯ ದಿನ ಅವಳು ಗಂಡನನ್ನು ಮರಿ ಮಾರುವವನ ಅದೇ ಬುಟ್ಟಿಯ ಪಕ್ಕ ನಿಲ್ಲಿಸಿದಳು. ಮೊದಲು ಮರಿಗಳನ್ನು ನೋಡಲಿಲ್ಲ. ಅಳತೆ ತೆಗೆಯುವವಳಂತೆ ಅವನನ್ನೇ ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ಮೂಲೆಯಲ್ಲಿ ಮುದುಡಿದ್ದ, ಯಾರು ಬಂದರೂ ಜಾಗ ಬಿಡುತ್ತಿದ್ದ ಐದನ್ನು ಎತ್ತಿಕೊಂಡಳು.

"ಇವೇ ಹೆಣ್ಣು ಅಂತ ಹೇಗೆ ಗೊತ್ತು?" ಎಂದ ದರ್ಜಿ.

"ನಿಮ್ಮ ಲೆಕ್ಕವೇ. ಬಟ್ಟೆ ಮಾತ್ರ ಒಳಮಗ್ಗುಲು ಹೊರಗೆ ಮಾಡಿದೀನಿ."

ಐದೂ ಹೇಂಟೆಗಳಾದವು. ದಿನದ ಮೊದಲ ಮೊಟ್ಟೆ ನರ್ಸಮ್ಮನಿಗೆ, ಅವರು ಎದ್ದ ಮೇಲೆ. ಸಂಜೆ ಕಾಳು ಚೆಲ್ಲಿದಾಗ ಒಂದು ಹೇಂಟೆ ಮಾತ್ರ ಸದಾ ಹಿಂದೆ ಬೀಳುತ್ತದೆ. ದರ್ಜಿ ಅದಕ್ಕೆ ಬೇರೆಯಾಗಿ ಒಂದು ಹಿಡಿ ಹಾಕುತ್ತಾನೆ. ಅದಕ್ಕೆ ಹೆಸರಿಟ್ಟವಳು ಹೆಂಡತಿ. ಅಡುಗೆಮನೆಯ ಕಿಟಕಿಯಿಂದ ಅವಳು "ಯಜಮಾನ್ರೇ" ಎಂದು ಕೂಗಿದರೆ, ಇಬ್ಬರೂ ಒಟ್ಟಿಗೇ ಕತ್ತೆತ್ತುತ್ತಾರೆ.