ಹದಿನಾರು ಪಟ್ಟು ಮಾವ

ಅಂಚೆಚೀಟಿಯಷ್ಟು ಚಿತ್ರವನ್ನು ಬಾಗಿಲಿನಷ್ಟು ಮಾಡುವ ವಿದ್ಯೆ ಇಡೀ ಸೀತಾಂಗೋಳಿಯಲ್ಲಿ ನನಗೊಬ್ಬನಿಗೇ ಗೊತ್ತು. ಇದು ಜಂಬವಲ್ಲ, ಮಾಹಿತಿ. (ನನ್ನ ಹೆಂಡತಿ ವಸುಮತಿ ಇದನ್ನು ಜಂಬವೆಂದೇ ಕರೆಯುತ್ತಾಳೆ.)

ಊರಿನ ಕನ್ನಡ ವಾಚನಾಲಯದಲ್ಲಿ ಅದರ ಸ್ಥಾಪಕರೂ ನನ್ನ ಮಾವನೂ ಆದ ದಿವಂಗತ ಹರಿನಾರಾಯಣ ಮಾಸ್ತರರ ಭಾವಚಿತ್ರ ಅನಾವರಣವೆಂದು ನಿಶ್ಚಯವಾಯಿತು. ಅವರು ಹೋಗಿ ಹದಿನೆಂಟು ವರ್ಷ. ಕ್ಯಾಮೆರಾ ಕಂಡರೆ ಮುಖ ತಿರುಗಿಸುತ್ತಿದ್ದ ಆ ಪುಣ್ಯಾತ್ಮರ ಫೋಟೋ ಇದ್ದದ್ದು ಒಂದೇ, ಹಳೆಯ ಸದಸ್ಯತ್ವ ಕಾರ್ಡಿನಲ್ಲಿ, ಹೆಬ್ಬೆರಳ ಉಗುರಿನಷ್ಟು.

“ಊರವರು ಅಪ್ಪನ ಮುಖ ಮರೀಬಾರದು. ಚಿತ್ರ ಬಿಡಿಸುವವರ ಹತ್ರ ಕೊಡುವ,” ಎಂದಳು ವಸುಮತಿ.

“ಮನೆಯಲ್ಲಿ ನಾನಿರುವಾಗ ಅವರೆಂತಕ್ಕೆ? ಕಂಪ್ಯೂಟರ್ ಒಂದು ಚುಕ್ಕಿ ಇದ್ದಲ್ಲಿ ಹದಿನಾರು ಚುಕ್ಕಿ ತುಂಬಿಸ್ತದೆ.”

“ಉಳಿದ ಹದಿನೈದು ಎಲ್ಲಿಂದ ತರ್ತದೆ?”

“ಊಹಿಸ್ತದೆ.”

“ನನ್ನ ಅಪ್ಪನನ್ನು ಅದು ನೋಡಿದ್ದುಂಟಾ?”

ಪ್ರತಿಭೆಗೆ ಮೊದಲ ವಿರೋಧ ಮನೆಯಲ್ಲೇ. ನಾನು ಕಂಪ್ಯೂಟರಿನ ಮುಂದೆ ಆಸೀನನಾದೆ. ಊಹೆಗೆ ಮಾದರಿಯಾಗಿ ಅಂಥದೇ ಒಂದು ಸ್ಪಷ್ಟ ಮುಖ ಬೇಕೆಂದು ಅದು ಕೇಳಿತು. ವಾಚನಾಲಯದ ಸ್ಮರಣ ಸಂಚಿಕೆಯಲ್ಲಿ ಸಿಕ್ಕಿಯೇಬಿಟ್ಟಿತು: ಅದೇ ವಯಸ್ಸು, ಅದೇ ಬೋಳು ತಲೆ, ಅದೇ ದಪ್ಪ ಕನ್ನಡಕ. ಈಗಿನ ಅಧ್ಯಕ್ಷ ಮಹಾಬಲರದ್ದು. (ಮಾವನ ಎದುರು ನಾಲ್ಕು ಸಲ ಇದೇ ಅಧ್ಯಕ್ಷಗಿರಿಯ ಚುನಾವಣೆಗೆ ನಿಂತು ನಾಲ್ಕು ಸಲವೂ ಸೋತವರು.) ಹತ್ತೇ ನಿಮಿಷದಲ್ಲಿ ಹುಬ್ಬಿನ ಕೂದಲು ಎಣಿಸುವಷ್ಟು ಸ್ಪಷ್ಟವಾಗಿ ಮಾವ ಮೂಡಿಬಂದರು. ಹೆಮ್ಮೆಯಿಂದ ನನ್ನ ಕಣ್ಣು ತುಂಬಿತು. (ತುಂಬಿದ ಕಣ್ಣಿಗೆ ಹೋಲಿಕೆ ಎಲ್ಲಿ ಕಾಣಬೇಕು?) ವಸುಮತಿಗೂ ತೋರಿಸದೆ ಚೌಕಟ್ಟು ಹಾಕಿಸಿ, ಗಂಧದ ಹಾರ ತೊಡಿಸಿ, ಬಟ್ಟೆ ಮುಚ್ಚಿದೆ.

ಸಭೆಯ ದಿನ ನಾವಿಬ್ಬರೂ ಮುಂದಿನ ಸಾಲಿನಲ್ಲಿ ಕುಳಿತಿದ್ದೆವು. ಮಹಾಬಲರು ಬಟ್ಟೆ ಎಳೆದರು. ಎಳೆದವರು ಹಾಗೆಯೇ ನಿಂತರು. ಗೋಡೆಯ ಮೇಲೆ ಹಾರ ಹಾಕಿಸಿಕೊಂಡು ನಗುತ್ತಿದ್ದವರು ಸಾಕ್ಷಾತ್ ಅವರೇ.

“ಪ್ರಸಾದ,” ಎಂದರು ನನ್ನ ಕಡೆ ತಿರುಗಿ, “ನಾನು ಸತ್ತದ್ದು ಯಾವಾಗ ಮಾರಾಯ?”

ಅವರು ನಿಧಾನವಾಗಿ ಹಾರ ತೆಗೆದು ಮೇಜಿನ ಮೇಲಿಟ್ಟರು, ಕನ್ನಡಕ ಒರೆಸಿ ಚಿತ್ರವನ್ನು ಇನ್ನೊಮ್ಮೆ ನೋಡಿದರು, ಆಮೇಲೆ ಮೈಕ್ ಹಿಡಿದರು.

“ಲಾಯ್ಕ ಬಂದಿದೆ, ಇರ್ಲಿ. ನಾಲ್ಕು ಚುನಾವಣೆಯಲ್ಲಿ ನನ್ನಿಂದ ಆಗದ್ದನ್ನು ಮಾಸ್ತರರ ಸ್ವಂತ ಅಳಿಯ ಒಂದೇ ದಿನದಲ್ಲಿ ಮಾಡಿಕೊಟ್ಟ. ಅವರನ್ನು ಇಳಿಸಿ ನನ್ನನ್ನು ಕೂರಿಸಿದ್ದಾನೆ!”

ಭರ್ಜರಿ ಚಪ್ಪಾಳೆ ಬಿತ್ತು. ವಸುಮತಿ ಮಾತ್ರ ಎದ್ದು, ಸೆರಗು ಸರಿಮಾಡಿಕೊಂಡು, ಕೊನೆಯ ಸಾಲಿಗೆ ಹೋಗಿ ಕುಳಿತಳು.