ಟ್ರಂಕಿನ ಖಣ, ಕಲ್ಮೇಶನ ಚೀಲ

ಸಿಂದಗಿಯ ಟೇಲರ್ ಕಲ್ಮೇಶ ಹೊಲಿದ ಚೀಲ ಎಷ್ಟು ಗಟ್ಟಿ ಎಂದರೆ, ಝಳಕಿಯ ಹತ್ತಿರ ಹೆದ್ದಾರಿಯಲ್ಲಿ ಕೆಟ್ಟು ನಿಂತಿದ್ದ ಕಬ್ಬಿನ ಲಾರಿಯೊಂದನ್ನು ಸಾಲೋಟಗಿಯ ಒಬ್ಬ ಮುದುಕ ಅದರಲ್ಲಿ ಹಾಕಿಕೊಂಡು, ಹೆಗಲಿಗೆ ನೇತುಹಾಕಿಕೊಂಡು, ಬೀಡಿ ಸೇದುತ್ತ ಇಂಡಿಯವರೆಗೆ ನಡೆದು ಬಂದ. ಹಿಡಿಕೆಯ ಒಂದು ಹೊಲಿಗೆ ಕೂಡ ಬಿಚ್ಚಲಿಲ್ಲ. ಲಾರಿಯೊಳಗೆ ಮಲಗಿದ್ದ ಕ್ಲೀನರನಿಗೆ ಎಚ್ಚರವೂ ಆಗಲಿಲ್ಲ. ನಂಬದವರು ಆ ಮುದುಕನನ್ನೇ ಕೇಳಬಹುದು. ಹೆಸರು ಮಾತ್ರ ಈಗ ಬಾಯಿಗೆ ಬರುತ್ತಿಲ್ಲ.

ಇಷ್ಟು ಗಟ್ಟಿ ಚೀಲ ಹೊಲಿದವನ ಬದುಕು ಮಾತ್ರ ಮಳೆಯಲ್ಲಿ ನೆನೆದ ಹಪ್ಪಳದಷ್ಟು ಮೆತ್ತಗಿತ್ತು.

ಬಸಂತರಾಯ ಸಾವಕಾರರ ಕಿರಾಣಿ ಅಂಗಡಿಯ ಕಟ್ಟೆಯ ಮೇಲೆ ಕಲ್ಮೇಶನ ಮಿಶೀನು. ಊರಲ್ಲಿ ರೆಡಿಮೇಡ್ ಅಂಗಡಿಗಳು ಅಣಬೆ ಎದ್ದಂತೆ ಎದ್ದ ಮೇಲೆ ಅವನ ಹತ್ತಿರ ಹೊಸ ಅಂಗಿ ಹೊಲಿಸಲು ಯಾರೂ ಬರುತ್ತಿರಲಿಲ್ಲ. ಬರುತ್ತಿದ್ದುದು ಹರಿದ ಪ್ಯಾಂಟು, ಕೆಟ್ಟ ಜಿಪ್ಪು, ಇವೆರಡೇ. ಇದನ್ನು ನೋಡಿ ಅವನ ಹೆಂಡತಿ ವಿಜಯಲಕ್ಷ್ಮಿಯ ಅಣ್ಣ, ಮುದ್ದೇಬಿಹಾಳದಲ್ಲಿ ಸಿಮೆಂಟಿನ ಅಂಗಡಿ ಇಟ್ಟಿದ್ದ ಸಂಗಮೇಶ, ವಾರಕ್ಕೊಮ್ಮೆ ಫೋನು ಮಾಡುತ್ತಿದ್ದ.

"ಸೂಜಿ-ದಾರ ಸಾಕು ಮಾಡೋ ಕಲ್ಮೇಶಾ. ನನ್ನ ಗೋದಾಮಕ್ಕ ಬಾ. ಸಿಮೆಂಟ ಚೀಲ ಎಣಸ್ಕೋತ ಕುಂದ್ರು. ನೆಳ್ಳಿನ ಕೆಲಸ."

ನೆರಳೇನೋ ನಿಜ. ಆದರೆ ಆ ನೆರಳಿನಲ್ಲಿ ದಿನವೆಲ್ಲ ಭಾವನ ಮಾತು ಕೇಳಬೇಕಲ್ಲ! ಸಿಮೆಂಟಿನ ಧೂಳಾದರೂ ಸ್ನಾನ ಮಾಡಿದರೆ ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, 'ಟೇಲರ್ ಕಲ್ಮೇಶ' ಎಂಬ ಹೆಸರು ಬಿಟ್ಟರೆ ಅವನಿಗೆ ತನ್ನದೆನ್ನುವುದು ಮತ್ತೇನೂ ಇರಲಿಲ್ಲ. ಒಂದು ದಿನ ತಡೆಯಲಾರದೆ ಅಂದುಬಿಟ್ಟ.

"ಭಾವಾರ, ಈಗ ಪ್ಲಾಸ್ಟಿಕ್ ಬಂದ್ ಆಗೇತಿ. ಬಟ್ಟಿ ಚೀಲಾ ಹೊಲೀತೇನಿ. ಒಂದ ದಿನದಾಗ ಎಲ್ಲಾ ಮಾರಿ ತೋರಸ್ತೇನಿ."

"ಹೌದಾ? ಹಂಗಾರ ಕೇಳು. ಗುರುವಾರ ನಾ ತಂಗಿನ್ನ, ಕೂಸಿನ್ನ ಕರಕೊಂಡು ನಿಮ್ಮ ಮನಿಗೆ ಬರ್ತೇನಿ. ಅವತ್ತ ಮಾರು. ಹೊತ್ತು ಮುಳುಗಿದಾಗ ನಿನ್ನ ಹಂತ್ಯಾಕ ಒಂದೂ ಚೀಲ ಇರಬಾರದು. ಇರಲಿಲ್ಲಂದ್ರ ಇನ್ನ ಸಿಮೆಂಟಿನ ಸುದ್ದಿ ತಗಿಯೂದಿಲ್ಲ. ಒಂದ ಉಳೀತು, ಮರುದಿನ ಮಿಶೀನ ಮಾರಿ ನನ್ನ ಟೆಂಪೋ ಏರಬೇಕು."

"ಬಾಗೇವಾಡಿ ಬಸವಣ್ಣನ ಆಣಿ!" ಎಂದ ಕಲ್ಮೇಶ. ಆಣೆ ಇಟ್ಟ ಮೇಲೆ ನೆನಪಾಯಿತು, ಬಟ್ಟೆಯೇ ಇಲ್ಲ.

ಹಳೆಯ ಪ್ಯಾಂಟುಗಳು ಒಳಗಿನ ಅಸ್ತರಿಗೆ ಆದವು. ಮೇಲೆ? ಹೆಂಡತಿ ಬಾಣಂತನಕ್ಕೆ ತವರಿಗೆ ಹೋಗಿ ಐದು ತಿಂಗಳಾಗಿತ್ತು. ಮಂಚದ ಕೆಳಗೆ ಅವಳ ಟ್ರಂಕು. ತೆರೆದು ನೋಡಿದರೆ ಕುಬೇರನ ಭಂಡಾರ! ಹಸಿರು, ಕೆಂಪು, ಹಳದಿ, ನೀಲಿ, ನವಿಲು ಬಣ್ಣ, ಥರಾವರಿ ರವಿಕೆಯ ಖಣಗಳು, ಅಡಿಯಲ್ಲಿ ಎರಡು ಜರಿ ಶಾಲು. ಒಂದಕ್ಕೂ ಕತ್ತರಿ ತಾಗಿಲ್ಲ. ಇಷ್ಟು ವರ್ಷ ಹೊಲಿಸಿಲ್ಲ ಎಂದರೆ ಇವಳಿಗೆ ಬೇಡವಾದ ಬಟ್ಟೆಯೇ ಇರಬೇಕು ಎಂದುಕೊಂಡ.

ಪಾಪ, ಗಂಡಸು. ಅದರಲ್ಲೂ ಟೇಲರ್. ಬಟ್ಟೆ ಇರುವುದೇ ಹೊಲಿಯಲಿಕ್ಕೆ ಎಂದು ನಂಬಿದವನು. ಅದು ಆಯೇರಿಯ ಖಣ ಎಂಬುದು ಅವನ ತಲೆಗೆ ಹೊಳೆಯಲಿಲ್ಲ. ಮದುವೆ, ಮನೆಶಾಂತಿ, ತೊಟ್ಟಿಲು, ಏನೇ ಕಾರ್ಯವಿರಲಿ, ಬಂದವರು ಖಣ ಕೊಡಬೇಕು. ಅವರು ಹೊರಡುವಾಗ ಮನೆಯವರು ಬೇರೊಂದನ್ನು ತಿರುಗಿ ಕೊಡಬೇಕು. ಅದನ್ನು ಯಾರೂ ಹೊಲಿಸುವುದಿಲ್ಲ, ಮಡಿಕೆ ಕೂಡ ಬಿಚ್ಚುವುದಿಲ್ಲ. ಮುಂದಿನ ಮನೆಗೆ ದಾಟಿಸುತ್ತಾರೆ. ಹಾಗೆ ದಾಟಿ ದಾಟಿ ಒಂದೊಂದು ಖಣ ನೋಡಿದಷ್ಟು ಮದುವೆಯನ್ನು ಊರ ಸ್ವಾಮಿಗಳೂ ನೋಡಿರುವುದಿಲ್ಲ.

ಕಲ್ಮೇಶ ಕತ್ತರಿ ಹಾಕಿದ. ಹಗಲಿರುಳು ತುಳಿದು ಸಾವಿರ ಚೀಲ ಹೊಲಿದ. ಸಾವಿರ ಅಲ್ಲದಿದ್ದರೂ ಒಂದಿಪ್ಪತ್ತಂತೂ ಹೌದು.

ಗುರುವಾರ ಬೆಳಿಗ್ಗೆ ಕಟ್ಟೆಯ ಮೇಲೆ ಹಗ್ಗ ಕಟ್ಟಿ ಚೀಲಗಳನ್ನು ತೂಗುಹಾಕಿದ. ಬೀದಿಗೆ ಮದುವೆ ಕಳೆ ಬಂತು. ಇನ್ನೂ ಊದಿನಕಡ್ಡಿ ಹಚ್ಚುತ್ತಿರುವಾಗಲೇ ಟೆಂಪೋ ಒಂದು ನಿಂತಿತು. ಮೈಮೇಲೆಲ್ಲ ಬೂದು ಧೂಳು ಮೆತ್ತಿಕೊಂಡಿದ್ದ ಒಬ್ಬ ಇಳಿದು, ನವಿಲು ಬಣ್ಣದ ಚೀಲವೊಂದನ್ನು ಆರಿಸಿ, ಚೌಕಾಸಿ ಮಾಡದೆ ರೊಕ್ಕ ಎಣಿಸಿ, "ಕವರಿನಾಗ ಹಾಕಿ ಕೊಡ್ರಿ" ಎಂದು ಒಯ್ದ. ಹಿಟ್ಟಿನ ಗಿರಣಿಯವನಿರಬೇಕು, ದೇವರಂಥ ಮನುಷ್ಯ ಎಂದು ಕಲ್ಮೇಶ ಬೋಣಿಯ ರೊಕ್ಕವನ್ನು ಕಣ್ಣಿಗೊತ್ತಿಕೊಂಡ.

ಅವತ್ತು ಅವನು ಮಾಡಿದ ವ್ಯಾಪಾರ ಅಷ್ಟೇ.

ಎರಡನೆಯವರಾಗಿ ಬಂದವರು ಸಾವಕಾರರ ಹೆಂಡತಿ ಇಂದುಬಾಯಿ. ಹಸಿರು ಚೀಲವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಮೂಲೆಯಲ್ಲಿ ಒಂದು ಅರಿಶಿಣದ ಕಲೆ. ಮುಖ ಹೆಂಚಿನಂತೆ ಕಾದಿತು.

"ಏ ಕಲ್ಮೇಶಾ! ಇದು ನಿನ್ನ ಮದುವ್ಯಾಗ ನಾ ವಿಜಯಲಕ್ಷ್ಮಿಗೆ ಉಡಿ ತುಂಬಿದ ಖಣ ಅಲ್ಲೇನೋ? ನಾ ಕೊಟ್ಟ ಆಯೇರಿ ಬಜಾರದಾಗ ಮಾರಾಕ ಇಟ್ಟಿ?"

"ಅವ್ವಾರ, ಅದು... ಮನ್ಯಾಗ ಸುಮ್ನ ಬಿದ್ದಿತ್ರಿ..."

"ಸುಮ್ನ ಬಿದ್ದಿತ್ತಾ! ನಾ ಖಾಸ ಆರಿಸಿ ತಂದಿದ್ದೆ ಅದನ್ನ!"

ಬಳೆ ಮಾರುವ ಸೈದಾಬಿ ಬುಟ್ಟಿ ಇಳಿಸಿ ನಿಂತಳು. ಅವಳೂ ಕಲೆಯನ್ನು ನೋಡಿದಳು. ತುಟಿಯಲ್ಲಿ ಸಣ್ಣ ನಗು.

"ಎಲ್ಲಿಂದ ಆರಿಸಿ ತಂದ್ರಿ ಅಕ್ಕಾರ? ನಮ್ಮ ಮಗಳು ಸುಲ್ತಾನಾನ ಶಾದಿ ಆದಾಗ ನಾ ನಿಮಗ ಕೊಟ್ಟಿದ್ದಲ್ರಿ ಇದು? ಈ ಹಳದಿ ಕಲಿ ನನ್ನ ಕೈಯಿಂದನ ಬಿದ್ದದ್ದು."

ಇಂದುಬಾಯಿ ಒಂದು ಕ್ಷಣ ತಬ್ಬಿಬ್ಬಾದರು. ಮರುಕ್ಷಣ ಬಾಣ ತಿರುಗಿ ಬಂತು.

"ಅಯ್ಯ, ನಿನಗ ಎಲ್ಲಿಂದ ಬಂತ ಸೈದಾಬಿ? ನೀವು ಮನಿ ಕಟ್ಟಿಸಿದಾಗ ನಾನ ಕೊಟ್ಟಿದ್ದೆ!"

ಹೀಗೆ ಆ ಖಣ ಇಬ್ಬರ ಮನೆಯ ನಡುವೆ ಚೆಂಡಿನಂತೆ ಓಡಾಡಿದ್ದು ಹಾಡುಹಗಲೇ ಬಯಲಾಯಿತು. ಗದ್ದಲ ಕೇಳಿ ಓಣಿಯ ಹೆಂಗಸರೆಲ್ಲ ಸೆರಗು ಸಿಕ್ಕಿಸಿಕೊಂಡು ಬಂದರು. ಒಬ್ಬೊಬ್ಬರ ಕಣ್ಣೂ ಒಂದೊಂದು ಚೀಲದ ಮೇಲೆ ಬಿತ್ತು. "ಇದು ನಂದು!" "ನಿಂದಲ್ಲ, ನಿನಗ ನಾ ಕೊಟ್ಟಿದ್ದು!" ಆ ಗಲಾಟೆಗೆ ಬಸ್ ಸ್ಟ್ಯಾಂಡಿನಲ್ಲಿದ್ದ ಬಸ್ಸುಗಳೆಲ್ಲ ಹೆದರಿ ತಾವಾಗಿಯೇ ಕಲಬುರಗಿಗೆ ಹೊರಟವು. ಕಲ್ಮೇಶ ಮಿಶೀನಿನ ಹಿಂದೆ, ಸಂತೆಯಲ್ಲಿ ಒಡೆಯನನ್ನು ಕಳೆದುಕೊಂಡ ಆಡಿನಂತೆ, ಬಾಯಿ ಬಿಟ್ಟು ನಿಂತಿದ್ದ.

ಜಗಳ ಬಿಡಿಸಲು ಅಂಗಡಿಯಿಂದ ಇಳಿದು ಬಂದ ಬಸಂತರಾಯರು ತಾವೇ ಒಂದು ಚೀಲದ ಮುಂದೆ ಗಕ್ಕನೆ ನಿಂತರು. ಅದರ ಹಿಡಿಕೆ ಜರಿ ಶಾಲಿನದು.

"ಇದು... ಇದು ಅಡತಿ ವ್ಯಾಪಾರದ ಮಂದಿ ಎಲ್ಲಾ ಕೂಡಿ ನನಗ ಸನ್ಮಾನ ಮಾಡಿ ಹೊಚ್ಚಿದ ಶಾಲು! ಕಳೀತು ಅಂತ ಎರಡ ವರ್ಷ ಹುಡಿಕೇನಿ! ಏನಲೇ, ನನ್ನ ಮರ್ಯಾದಿ ತುಂಡ ಮಾಡಿ ಹಿಡಿಕಿ ಹೊಲದೀ?"

"ನಾ ಎಲ್ಲಿ ತಗೊಂಡೇನ್ರಿ ಸಾವಕಾರ್ರ? ನಮ್ಮ ಮನಿಗೆ ಆಯೇರಿ ಬಂದಿತ್ರಿ."

"ಯಾರು ಕೊಟ್ರು?"

ಕಲ್ಮೇಶ ಇಂದುಬಾಯಿಯ ಕಡೆ ನೋಡಿದ. ಸಾವಕಾರರೂ ನೋಡಿದರು. ಓಣಿಯೆಲ್ಲ ನೋಡಿತು. ಇಂದುಬಾಯಿ ಆಕಾಶ ನೋಡಿದರು.

ಹೆಂಡತಿಯ ಮೇಲೆ ಏರಲಾರದ ಸಿಟ್ಟು ಇಳಿಜಾರು ಹುಡುಕುತ್ತದೆ. "ನಾಳಿಂದ ನಿನ್ನ ಮಿಶೀನು ನನ್ನ ಕಟ್ಟಿ ಮ್ಯಾಲ ಕಾಣಬಾರದು!" ಎಂದರು ಬಸಂತರಾಯರು.

ಅಷ್ಟರಲ್ಲಿ ಹೆಂಗಸರಿಗೆಲ್ಲ ಒಂದೇ ಸಲ ಬುದ್ಧಿ ಬಂತು. ಈ ಚೀಲಗಳು ಹೀಗೇ ಬಜಾರದಲ್ಲಿ ತೂಗಿದರೆ ಯಾರ ಖಣ ಯಾರು ದಾಟಿಸಿದರೆಂಬುದು ಊರಿಗೆಲ್ಲ ಗೊತ್ತಾಗುತ್ತದೆ. "ನನ್ನ ಬಟ್ಟಿ, ನಾ ಒಯ್ತೇನಿ" ಎಂದು ಇಂದುಬಾಯಿ ಹಸಿರು ಚೀಲ ಕಿತ್ತುಕೊಂಡರು. "ನಂದೂ ಕೊಡಪಾ ತಮ್ಮಾ" ಎಂದು ಸೈದಾಬಿ ಕೆಂಪು ಚೀಲ ಎಳೆದಳು. ಜೋಳದ ರಾಶಿಗೆ ಗುಬ್ಬಿ ಬಿದ್ದಂತೆ ಬಿದ್ದು ಮುಗಿಸಿದರು. ಕೊನೆಗೆ ಉಳಿದದ್ದು ಖಾಲಿ ಹಗ್ಗ, ಬೋಣಿಯ ರೊಕ್ಕ ಬಿಟ್ಟರೆ ಕೈಗೆ ಒಂದು ಪೈಸೆಯಿಲ್ಲ, ಕಟ್ಟೆಯೂ ಹೋಯಿತು.

ಕಲ್ಮೇಶ ಆ ಹಗ್ಗವನ್ನೂ ಮೇಲಿನ ತೊಲೆಯನ್ನೂ ಒಮ್ಮೆ ನೋಡಿ ನಿಟ್ಟುಸಿರು ಬಿಟ್ಟ. ಆಮೇಲೆ, ಕತ್ತಲಲ್ಲಿ ಬೆಂಕಿಕಡ್ಡಿ ಗೀರಿದಂತೆ, ಒಂದು ವಿಚಾರ ಹೊಳೆಯಿತು. ಮಾರಬೇಕು ಎಂದೇನೋ ಭಾವ ಹೇಳಿದ್ದ. ಆದರೆ ಆಣೆ ಇಟ್ಟದ್ದು ಯಾವುದರ ಮೇಲೆ? ಹೊತ್ತು ಮುಳುಗಿದಾಗ ಒಂದೂ ಚೀಲ ಇರಬಾರದು. ಇಲ್ಲವಲ್ಲ! ಕಟ್ಟೆ ಹೋದರೆ ಹೋಗಲಿ, ಬೇವಿನ ಗಿಡದ ಕೆಳಗಾದರೂ ಮಿಶೀನು ಇಟ್ಟೇನು. ಟೇಲರ್ ಕಲ್ಮೇಶ ಟೇಲರನಾಗಿಯೇ ಉಳಿದ!

ಇಳಿಹೊತ್ತಿಗೆ ಸಂಗಮೇಶ ತಂಗಿಯನ್ನೂ ಕೂಸನ್ನೂ ಕರೆತಂದ. ಬಾಗಿಲಲ್ಲೇ ಕೇಳಿದ.

"ಚೀಲಾ?"

"ಒಂದೂ ಇಲ್ರಿ ಭಾವಾರ. ನೋಡ್ರಿ ಬೇಕಾದ್ರ. ಮಂದಿ ಕಸಗೊಂಡು ಒಯ್ದ್ರು!"

ಇದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಸಂಗಮೇಶ ಹುಬ್ಬೇರಿಸಿ ಕುರ್ಚಿಯಲ್ಲಿ ಕುಳಿತ.

ಕೂಸು ಮೊದಲ ಸಲ ತಂದೆಯ ಮನೆಗೆ ಬಂದ ದಿನ, ಓಣಿಯವರನ್ನು ಚಹಾಕ್ಕೆ ಕರೆದಿದ್ದರು. ಹಗಲಿನ ಜಗಳ ಏನೇ ಇರಲಿ, ಕರೆದ ಮೇಲೆ ಬರದಿರುವುದು ನಮ್ಮಲ್ಲಿ ಇಲ್ಲ. ಬರಿಗೈಯಲ್ಲಿ ಬರುವುದಂತೂ ಇಲ್ಲವೇ ಇಲ್ಲ. ಮೊದಲು ಇಂದುಬಾಯಿ ಬಂದರು. ಕೂಸಿನ ಗಲ್ಲ ಹಿಂಡಿ, ವಿಜಯಲಕ್ಷ್ಮಿಯ ಕೈಗೆ ಆಯೇರಿ ಇಟ್ಟರು. ಹಸಿರು ಚೀಲ.

"ಕೂಸಿನ ಅರಿವಿ ಹಾಕಾಕ ಛಲೋ ಆಕ್ಕೈತಿ ನೋಡವಾ."

ಕಲ್ಮೇಶ ಅವರಿಗೆಂದು ತಂದ ಚಹಾವನ್ನು ತಾನೇ ಕುಡಿದುಬಿಟ್ಟ. ಹಿಂದೆಯೇ ಸೈದಾಬಿ. ಕೆಂಪು ಚೀಲ. ಅವಳ ಹಿಂದೆ ಹಳದಿ, ಅದರ ಹಿಂದೆ ನೀಲಿ. ಹಗಲು ಹೋದ ಚೀಲಗಳೆಲ್ಲ, ಮೇಯಲು ಹೋದ ದನಗಳಂತೆ, ಸಂಜೆಗೆ ಕೊಟ್ಟಿಗೆಗೆ ಬಂದವು. ಮೂಲೆಯಲ್ಲಿ ರಾಶಿ ಬೆಳೆಯುತ್ತಿದ್ದಂತೆ ಸಂಗಮೇಶನ ಮುಖದಲ್ಲಿ ಬೆಳ್ದಿಂಗಳು ಬೆಳೆಯಿತು.

ವಿಜಯಲಕ್ಷ್ಮಿ ಹಳದಿ ಚೀಲವನ್ನು ಸವರಿದಳು. ಗಂಡನ ಕಡೆ ನೋಡಿದಳು. "ಒಳಗ ಬರ್ರಿ" ಎಂದಳು, ಮೆತ್ತಗೆ. ಕಲ್ಮೇಶ ಹಿಂದೆ ನಡೆದ.

ಒಳಗೆ ಟ್ರಂಕಿನ ಮುಚ್ಚಳ ತೆರೆಯಿತು. ನಾಲ್ಕು ಡಾಂಬರು ಗುಳಿಗೆ ಉರುಳಾಡಿದವು.

"ನನ್ನ ಖಣ?"

"ನೀ ಎಂದೂ ಹೊಲಿಸಿರಲಿಲ್ಲ, ಅದಕ್ಕ..."

"ಹೊಲಿಸಾಕ ಇಟ್ಟಿದ್ನೇನ್ರಿ ಅವನ್ನ? ಹೊರಗ ಇಷ್ಟ ಮಂದಿ ಕುಂತಾರ, ಅವರಿಗೆ ತಿರುಗಿ ಏನ ಕೊಡ್ಲಿ? ನಿಮ್ಮ ಕತ್ತರಿ ಕೊಡ್ಲ್ಯಾ?"

ಕಲ್ಮೇಶ ಗೋಡೆಗೆ ಒರಗಿದ. ಗೋಡೆಯೇ ಇವನಿಗೆ ಒರಗಿದಂತಿತ್ತು. ಆದರೆ ವಿಜಯಲಕ್ಷ್ಮಿ ಹತ್ತು ಮನೆ ಆಯೇರಿ ದಾಟಿಸಿದ ಹೆಣ್ಣು. ಸೆರಗು ಬಿಗಿದು ಹೊರಗೆ ಬಂದಳು. ಕುಂಕುಮದ ಬಟ್ಟಲು ಹಿಡಿದು, ಇಂದುಬಾಯಿ ತಂದ ಹಸಿರು ಚೀಲವನ್ನು ಸೈದಾಬಿಗೆ ಕೊಟ್ಟಳು. ಸೈದಾಬಿ ತಂದ ಕೆಂಪನ್ನು ಇಂದುಬಾಯಿಗೆ. ಹಳದಿ ತಂದವರಿಗೆ ನೀಲಿ, ನೀಲಿ ತಂದವರಿಗೆ ಹಳದಿ. ಯಾರೂ ಹುಬ್ಬು ಕೂಡ ಅಲುಗಿಸಲಿಲ್ಲ. ಎಲ್ಲರೂ "ಇರಲಿ ಬಿಡವಾ, ಯಾಕ ಬೇಕಾಗಿತ್ತು" ಎಂದು ಶಾಸ್ತ್ರಕ್ಕೆ ಅಂದು, ಬಗಲಿಗೆ ಹಾಕಿಕೊಂಡು ಹೊರಟರು.

ಮೂಲೆ ಖಾಲಿ! ಕಿಟಕಿಯಲ್ಲಿ ಹೊತ್ತು ಇನ್ನೂ ಒಂದು ಬೆರಳು ಉಳಿದಿತ್ತು. ಕಲ್ಮೇಶನಿಗೆ ಹೆಂಡತಿಯ ಕಾಲಿಗೆ ಬೀಳುವಷ್ಟು ಪ್ರೀತಿ ಬಂತು. "ನೋಡ್ರಿ ಭಾವಾರ! ಒಂದೂ ಇಲ್ಲ!"

"ಹೌದಪಾ, ಗೆದ್ದಿ" ಎಂದು ಸಂಗಮೇಶ ಎದ್ದ. "ತಡಿ, ಗದ್ದಲದಾಗ ನನ್ನ ಅಳಿಯನ ಆಯೇರಿನ ಮರತಿದ್ದೆ. ಬೆಳಿಗ್ಗೆ ನಮ್ಮ ಡ್ರೈವರ್ ಸಿಮೆಂಟ್ ಇಳಿಸಾಕ ಈ ಕಡೆ ಬಂದಿದ್ದ. ಸಿಂದಗ್ಯಾಗ ಏನರ ಛಲೋದು ತಗೊಂಡಿರೋ ಅಂದಿದ್ದೆ. ಅಂವಾ ತಂದಾನ, ನಾನೂ ಬಿಚ್ಚಿ ನೋಡಿಲ್ಲ."

ಕವರಿನಿಂದ ನವಿಲು ಬಣ್ಣದ ಚೀಲ ಹೊರಬಂತು.

ಸಂಗಮೇಶನೂ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಕಲ್ಮೇಶ ಅದನ್ನು ಕಸಿದು ಭಾವನ ಕೈಗೇ ತುರುಕಿದ. "ತಗೋರಿ, ನಮ್ಮ ತಿರುಗು ಆಯೇರಿ!"

"ಕೊಟ್ಟವರಿಗೇ ಅದನ್ನ ತಿರಗಿ ಕೊಡ್ತಾರೇನ್ರಿ? ನನ್ನ ತವರಿಗೆ ಅಪಮಾನ ಮಾಡ್ತೀರಿ?" ವಿಜಯಲಕ್ಷ್ಮಿ ಚೀಲವನ್ನು ಮತ್ತೆ ಗಂಡನ ಎದೆಗೆ ಒತ್ತಿದಳು.

ಕಲ್ಮೇಶ ಚೀಲ ಹಿಡಿದು ಬೀದಿಗೆ ಓಡಿದ. ಯಾರಾದರೂ ಸಿಗಲಿ, ಸುಮ್ಮನೆ ಕೊಟ್ಟುಬಿಡುತ್ತೇನೆ ಎಂದು. ಓಣಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಸಾವಕಾರರ ಕಟ್ಟೆಯ ಕೆಳಗೆ ಮಲಗಿದ್ದ ನಾಯಿಯ ಮುಂದೆ ಹಿಡಿದ. ಅದು ಮೂಸಿ, ಡಾಂಬರು ಗುಳಿಗೆಯ ವಾಸನೆಗೆ ಸೀನಿ, ಎದ್ದು ಹೋಯಿತು. ತಲೆ ಎತ್ತಿದಾಗ ಹೊತ್ತು ಮುಳುಗಿತ್ತು.

ಮರುದಿನ ಅವನು ಟೆಂಪೋ ಏರಿದ. ಈಗ ಮುದ್ದೇಬಿಹಾಳದ ನೆರಳಿನಲ್ಲಿ ಕುಳಿತು ಚೀಲ ಎಣಿಸುತ್ತಾನೆ. ಯಾವುದನ್ನೂ ಅವನು ಹೊಲಿದಿಲ್ಲ.

ಈ ಕತೆಯನ್ನು ಮೊನ್ನೆ ಸಿಂದಗಿ ಬಸ್ ಸ್ಟ್ಯಾಂಡಿನಲ್ಲಿ ನಾಲ್ಕು ಮಂದಿಗೆ ಹೇಳುತ್ತಿದ್ದೆ. ಲಾರಿಯ ಮಾತು ಬರುತ್ತಲೇ ಹಿಂದಿನಿಂದ ಬಳೆ ಬುಟ್ಟಿ ಇಳಿದ ಸದ್ದು. ಸೈದಾಬಿ!

"ಏನಂದ್ರಿ? ಆ ಚೀಲದಾಗ ಲಾರಿ ಹಾಕಿದ್ರಾ? ಒಂದು ಉಳ್ಳಾಗಡ್ಡಿ ಹಾಕಿದವ್ರನ್ನ ನಾ ಇನ್ನೂ ನೋಡಿಲ್ಲ. ಹೋದ ತಿಂಗಳ ನಿಮ್ಮ ಮನಿ ಕಾರ್ಯಕ್ಕ ನಾನ ಆ ಹಸರು ಚೀಲಾ ಕೊಟ್ಟೇನಲ್ರಿ? ಅದರಾಗ ಏನ ಹಾಕೀರಿ, ಹೇಳ್ರಿ?"

ನಾಲ್ಕೂ ಮಂದಿ ನನ್ನ ಮುಖ ನೋಡಿದರು. ಇನ್ನು ಮುಚ್ಚಿಟ್ಟು ಫಲವಿಲ್ಲ. ಲಾರಿ ಸುಳ್ಳು, ಮುದುಕ ಸುಳ್ಳು, ಕ್ಲೀನರನ ನಿದ್ದೆಯೂ ಸುಳ್ಳು. ಕಲ್ಮೇಶನ ಚೀಲ ಎಷ್ಟು ಗಟ್ಟಿ ಎಂಬುದು ಯಾರಿಗೂ ಗೊತ್ತಿಲ್ಲ, ಯಾಕೆಂದರೆ ಇವತ್ತಿನವರೆಗೆ ಯಾರೂ ಅದರಲ್ಲಿ ಏನನ್ನೂ ಹಾಕಿಲ್ಲ. ನಮ್ಮ ಮನೆಯದೂ ಕವರಿನಲ್ಲೇ ಇದೆ. ಮಡಿಕೆ ಬಿಚ್ಚಿಲ್ಲ. ಬರುವ ಭಾನುವಾರ ಇಂಡಿಯಲ್ಲಿ ಒಂದು ಮದುವೆ ಇದೆ.